ಡೋಪ್‌ಫರ್ ಎ-129: 15 ಕೇಬಲ್ ಹಾಕುವ ವೋಕೋಡರ್

ವೋಕೋಡರ್ ಅಂದರೆ ಮಾತಿನ ಆಕಾರವನ್ನು ಸಂಗೀತದ ಸದ್ದಿಗೆ ತೊಡಿಸುವ ಯಂತ್ರ, ಡೋಪ್‌ಫರ್ ಕಂಪನಿಯ ಎ-129 ಅಂಥದ್ದೊಂದು. ಮೈಕ್ ಹಾಕಿ, ಕೀಬೋರ್ಡ್ ಒತ್ತಿ, ರೋಬೋ ಥರ ಮಾತು ಬಂದರೆ ಸಾಕು ಅನ್ನುವವರಿಗೆ ಇದು ಬೇಡ. ಅಷ್ಟಕ್ಕೆ ಸಾಫ್ಟ್‌ವೇರ್ ಧಾರಾಳ ಸಾಕು. ಮಾತನ್ನು ಬಿಚ್ಚಿ, ಬೇರೆ ರೀತಿ ಜೋಡಿಸಿ ನೋಡುವ ಆಸೆ ಇದ್ದರೆ ಮಾತ್ರ ಮುಂದೆ ಓದಿ.

ಇದರಲ್ಲಿ ಎರಡು ಮಾಡ್ಯೂಲ್ (ರ‍್ಯಾಕ್ ಎಂಬ ಚೌಕಟ್ಟಿನಲ್ಲಿ ಕೂರಿಸಿ ಕೇಬಲ್‌ನಿಂದ ಜೋಡಿಸುವ ಬಿಡಿ ಘಟಕ) ಇವೆ. ಮೊದಲನೆಯದು ನಮ್ಮ ಧ್ವನಿಯನ್ನು 15 ಬ್ಯಾಂಡ್‌ಗಳಾಗಿ, ಅಂದರೆ ತಗ್ಗಿನಿಂದ ಎತ್ತರದವರೆಗಿನ ಪಟ್ಟಿಗಳಾಗಿ, ಸೀಳುತ್ತದೆ: ಕೆಳಗೊಂದು ಲೋ ಪಾಸ್ (ತಗ್ಗು ಸದ್ದನ್ನಷ್ಟೇ ಬಿಡುವ ಫಿಲ್ಟರ್), ಮೇಲೊಂದು ಹೈ ಪಾಸ್ (ಎತ್ತರದ್ದನ್ನಷ್ಟೇ ಬಿಡುವುದು), ನಡುವೆ 13 ಬ್ಯಾಂಡ್ ಪಾಸ್ (ಒಂದೊಂದು ಪಟ್ಟಿಯನ್ನಷ್ಟೇ ಬಿಡುವುದು). ಒಂದೊಂದರಲ್ಲೂ ಸದ್ದು ಎಷ್ಟಿದೆ ಅಂತ ಅಳೆದು ಅಷ್ಟು ವೋಲ್ಟೇಜ್ ಹೊರಗೆ ಕೊಡುತ್ತದೆ. ಎರಡನೆಯದರಲ್ಲೂ 15 ಫಿಲ್ಟರ್, ಆದರೆ ಅದರೊಳಗೆ ಹೋಗುವುದು ಸಿಂತ್ (ಸಿಂತಸೈಜರ್) ಸದ್ದು. ಬ್ಯಾಂಡ್‌ಗೊಂದರಂತೆ ಹಾಕಿದ ಕೇಬಲ್‌ನಲ್ಲಿ ಆ ವೋಲ್ಟೇಜ್ ಬಂದಷ್ಟು ಆ ಬ್ಯಾಂಡ್ ತೆರೆದುಕೊಳ್ಳುತ್ತದೆ. ಬೆಲ್ ಲ್ಯಾಬ್ಸ್‌ನ ಹೋಮರ್ ಡಡ್ಲಿ 1930ರ ದಶಕದಲ್ಲಿ ಟೆಲಿಫೋನ್ ಮಾತಿಗಾಗಿ ಹಿಡಿದ ದಾರಿಯೂ ಇದೇ. ಇಲ್ಲಿ ನಡುವಿನ ತಂತಿಗಳು ನಮ್ಮ ಕೈಯಲ್ಲಿವೆ, ಅಷ್ಟೇ.

ಮಜಾ ಇರೋದೂ ಅಲ್ಲೇ. ಎಲ್ಲ ಕೇಬಲ್‌ಗಳನ್ನೂ ಒಂದೊಂದು ಮನೆ ಮೇಲಕ್ಕೆ ಸರಿಸಿದೆ, ಸ್ವರ ಅದೇ, ಆದರೆ ಮಾತಾಡುತ್ತಿರುವ ಬಾಯಿ ಮಾತ್ರ ಚಿಕ್ಕದಾಯಿತು! ಪೂರ್ತಿ ತಲೆಕೆಳಗು ಮಾಡಿದರೆ ಮಾತಿನ ಲಯ ಉಳಿಯುತ್ತದೆ, ಭಾಷೆ ಯಾವುದು ಅಂತಲೇ ಗೊತ್ತಾಗುವುದಿಲ್ಲ. ನಡುವೆ ಸ್ಲೂ ಲಿಮಿಟರ್ (ವೋಲ್ಟೇಜ್ ಏರಿಳಿತವನ್ನು ನಿಧಾನ ಮಾಡುವ ಘಟಕ) ಇಟ್ಟರೆ ಪದಗಳು ಒಂದರೊಳಗೊಂದು ಕರಗಿ ಅಲೆಯ ಹಾಗೆ ಬರುತ್ತವೆ, ಇದನ್ನು ನಾನು ಗಂಟೆಗಟ್ಟಲೆ ಕೇಳಿದ್ದೇನೆ.

ಒಂದು ಮಾತು ನೆನಪಿಡಿ. ಬರೀ ಸಾ ಟೂತ್ ಅಲೆ (ಗರಗಸದ ಹಲ್ಲಿನ ಆಕಾರದ ಸಿಂತ್ ಸದ್ದು) ಕೊಟ್ಟು 'ಶಿಸ್ತು' ಅಂದರೆ 'ಇತ್ತು' ಅಂದ ಹಾಗೆ ಕೇಳಿಸುತ್ತದೆ. ಶ, ಸ ಅನ್ನೋದು ಮೇಲಿನ ಬ್ಯಾಂಡ್‌ಗಳ ಬುಸುಗುಟ್ಟುವ ಗಾಳಿ. ಸಾ ಟೂತ್‌ನಲ್ಲಿ ಅಲ್ಲಿ ಜಾಸ್ತಿ ಏನೂ ಇರೋದಿಲ್ಲ. ಸ್ವಲ್ಪ ವೈಟ್ ನಾಯ್ಸ್ (ಸ್ಟೇಷನ್ ಸಿಗದ ರೇಡಿಯೋದ ಥರದ ಬುಸುಗುಡುವ ಸದ್ದು) ಬೆರೆಸಿ, ತಕ್ಷಣ 'ಶಿಸ್ತು' ವಾಪಸ್ ಬರುತ್ತದೆ. ಮೈಕ್ ಸದ್ದು ಮಾಡ್ಯುಲರ್ ಮಟ್ಟಕ್ಕೆ ತುಂಬಾ ಸಣ್ಣದು, ಅದಕ್ಕೆ ಸದ್ದು ಹೆಚ್ಚಿಸುವ ಪ್ರೀ ಆಂಪ್ ಬೇಕೇ ಬೇಕು. ಮೈಕ್ ಬದಲು ಡ್ರಮ್ ಕೊಟ್ಟೂ ನೋಡಿ, ಉದ್ದಕ್ಕೆ ಹಿಡಿದ ಕಾರ್ಡ್ (ಒಟ್ಟಿಗೆ ಒತ್ತಿದ ಸ್ವರಗಳು) ತಾನೇ ತಾಳ ಹಾಕುತ್ತದೆ.

ರ‍್ಯಾಕ್‌ನಲ್ಲಿ ಜಾಗ ಕಡಿಮೆ ಇದ್ದರೆ ಮೊದಲು ಎರಡನೇ ಮಾಡ್ಯೂಲ್ ಒಂದನ್ನೇ ತಗೊಳ್ಳಿ. ಧ್ವನಿಯ ಬದಲು ಎಲ್‌ಎಫ್‌ಒ (ನಿಧಾನವಾಗಿ ಏರಿಳಿಯುವ ವೋಲ್ಟೇಜ್ ಕೊಡುವುದು), ಸೀಕ್ವೆನ್ಸರ್‌ಗಳ (ಹೆಜ್ಜೆ ಹೆಜ್ಜೆಯಾಗಿ ವೋಲ್ಟೇಜ್ ಕೊಡುವುದು) ವೋಲ್ಟೇಜ್ ಕೊಟ್ಟರೆ ಅದೇ ಒಂದು ಒಳ್ಳೆಯ ಫಿಲ್ಟರ್ ಬ್ಯಾಂಕ್ ಆಗುತ್ತದೆ, ಮಾತಾಡಿಸುವ ಭಾಗ ಆಮೇಲೆ ಸೇರಿಸಿಕೊಳ್ಳಬಹುದು.