ಕೊಲೆಸ್ಟ್ರಾಲ್ ಮಾತ್ರೆ: ಬೆಳಿಗ್ಗೆಯೋ, ರಾತ್ರಿಯೋ?

ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡ ನಿಮ್ಮ ಅಪ್ಪನಿಗೆ ಸ್ಟ್ಯಾಟಿನ್, ಅಂದರೆ ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ, ಯಾವಾಗ ಕೊಡಬೇಕು ಅಂತ ಕೇಳಿದ್ದೀರಿ. ಮೊದಲು ಸ್ಟ್ರಿಪ್ ತಿರುಗಿಸಿ, ಬ್ರ್ಯಾಂಡ್ ಹೆಸರಿನ ಜೊತೆ ಸಣ್ಣಕ್ಷರದಲ್ಲಿರುವ ಔಷಧದ ಹೆಸರು ಓದಿ. ಅರ್ಧ ಉತ್ತರ ಅಲ್ಲೇ ಇದೆ.

ನಮ್ಮ ಲಿವರ್ ಕೊಲೆಸ್ಟ್ರಾಲ್ ತಯಾರಿಸುವುದು ರಾತ್ರಿಯೇ ಜಾಸ್ತಿ, ಸ್ಟ್ಯಾಟಿನ್ ತಡೆಯುವುದು ಅದನ್ನೇ. ಸ್ಟ್ಯಾಟಿನ್ ಗುಂಪಿನ ಸಿಮ್ವಾಸ್ಟ್ಯಾಟಿನ್ ಕೆಲವೇ ಗಂಟೆಗಳಲ್ಲಿ ರಕ್ತದಿಂದ ಕರಗಿಹೋಗುತ್ತದೆ. ಬೆಳಿಗ್ಗೆ ನುಂಗಿದರೆ ರಾತ್ರಿ ಹೊತ್ತಿಗೆ ಅದರ ಬಲ ಇಳಿದಿರುತ್ತದೆ. ಹಾಗಾಗಿ ಇದಕ್ಕೆ ರಾತ್ರಿಯೇ ಸರಿ. ಅಟೊರ್ವಾಸ್ಟ್ಯಾಟಿನ್‌ನ ಪ್ರಮಾಣ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 14 ಗಂಟೆ ಬೇಕು, ರೋಸುವಾಸ್ಟ್ಯಾಟಿನ್‌ಗೆ ಸುಮಾರು 19. ಇವನ್ನು ಯಾವಾಗ ತೆಗೆದುಕೊಂಡರೂ ನಡೆಯುತ್ತದೆ.

ಇನ್ನು ಮರೆವಿನ ಮಾತು. ನನ್ನ ಲೆಕ್ಕದಲ್ಲಿ ಇದೇ ದೊಡ್ಡದು. ನಮ್ಮಪ್ಪ ರಾತ್ರಿ ಊಟ ಮುಗಿಸಿ ಟಿವಿ ಮುಂದೆಯೇ ನಿದ್ದೆಹೋಗುತ್ತಿದ್ದರು, ಮಾತ್ರೆ ಡಬ್ಬಿಯಲ್ಲೇ ಉಳಿಯುತ್ತಿತ್ತು. ಅವರದ್ದು ರೋಸುವಾಸ್ಟ್ಯಾಟಿನ್. ಡಾಕ್ಟರನ್ನು ಕೇಳಿ ಬೆಳಿಗ್ಗೆಗೆ ಬದಲಿಸಿದೆವು, ಬಿಪಿ ಮಾತ್ರೆ ಜೊತೆಗೇ. ಈಗ ತಪ್ಪುವುದು ಅಪರೂಪ. ಬೆಳಿಗ್ಗೆ ಗಡಿಬಿಡಿಯಲ್ಲಿ ಓಡುವವರಿಗೆ ರಾತ್ರಿಯೇ ಅನುಕೂಲ, ಅಲ್ವಾ?

ಯಾವ ಹೊತ್ತಿಗೆ ತೆಗೆದುಕೊಂಡರೂ ಖರ್ಚಿನಲ್ಲಿ ಏನೂ ವ್ಯತ್ಯಾಸವಿಲ್ಲ. ಅಟೊರ್ವಾ, ರೋಸುವಾ ಎರಡನ್ನೂ ಊಟಕ್ಕೆ ಮುಂಚೆಯೋ ನಂತರವೋ ತೆಗೆದುಕೊಳ್ಳಬಹುದು. ಆದರೆ ಸ್ಟ್ಯಾಟಿನ್ ಜೊತೆ ಆಸ್ಪಿರಿನ್ ಸೇರಿರುವ ಕ್ಯಾಪ್ಸೂಲ್ ಆದರೆ ಊಟದ ನಂತರವೇ ಒಳ್ಳೆಯದು, ಹೊಟ್ಟೆಗೆ ಅದು ಸ್ವಲ್ಪ ಖಾರ. ಅಂಥದ್ದರ ಹೊತ್ತನ್ನು ಸುಮ್ನೆ ನೀವೇ ಬದಲಿಸಬೇಡಿ, ಡಾಕ್ಟರನ್ನು ಕೇಳಿ.

ಒಂದು ದಿನ ಮರೆತರೆ ಮರುದಿನ ಎರಡು ನುಂಗಿಸಬೇಡಿ. ಮೈಕೈ ನೋವು ವಿಪರೀತವಾದರೆ, ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ, ಹೊತ್ತು ಬದಲಿಸುತ್ತಾ ಕೂರದೆ ಅವತ್ತೇ ಡಾಕ್ಟರ ಹತ್ತಿರ ಹೋಗಿ.