ನೆಟ್ ಜೊತೆ ಪ್ರಿಂಟರ್ ಯಾಕೆ ಹೋಗುತ್ತಿತ್ತು? ಆಫೀಸಿನ ಫೈಬರ್ ಕನೆಕ್ಷನ್, ಎರಡೂವರೆ ವರ್ಷದ ನಂತರ

ದಾವಣಗೆರೆ ಮಂಡಿಪೇಟೆಯಲ್ಲಿ ನಮ್ಮದು ಅಕೌಂಟ್ಸ್ ಮತ್ತು ಜಿಎಸ್‌ಟಿ ರಿಟರ್ನ್ ಆಫೀಸು. ಕೆಳಗೆ ಕಾಳಿನ ಅಂಗಡಿ, ಮೇಲೆ ನಾವು. ಎರಡು ರೂಮು, ಐದು ಕಂಪ್ಯೂಟರ್, ಒಂದು ಪ್ರಿಂಟರ್. 100 ಎಂಬಿಪಿಎಸ್ ಪ್ಲಾನ್, ತಿಂಗಳಿಗೆ 700 ರೂಪಾಯಿ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಕಂಪನಿ ಹೆಸರು ಬರೆಯುತ್ತಿಲ್ಲ. ಸ್ಪೀಡ್ ಬಗ್ಗೆಯೂ ಜಾಸ್ತಿ ಹೇಳುವುದಿಲ್ಲ, ನಮ್ಮ ಕೆಲಸಕ್ಕೆ ಅದು ಸಾಕು.

ನನಗೆ ಬೇಕಾದದ್ದು ಒಂದೇ. 20ನೇ ತಾರೀಖು ನೆಟ್ ನಿಲ್ಲಬಾರದು. ಜಿಎಸ್‌ಟಿಯ ತಿಂಗಳ 3ಬಿ ರಿಟರ್ನ್‌ಗೆ ಅದು ಕೊನೆ ದಿನ. ತಪ್ಪಿದರೆ ವ್ಯಾಪಾರಿಗೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ತೆರಿಗೆ ಬಾಕಿ ಇದ್ದರೆ ಬಡ್ಡಿ ಬೇರೆ. ಅವರು ನಮ್ಮನ್ನು ನಂಬಿ ಬಿಲ್ ಕಟ್ಟು ತಂದುಕೊಟ್ಟು ಹೋಗಿರುತ್ತಾರೆ.

ಮೊದಲ ನಾಲ್ಕು ತಿಂಗಳು ಚೆನ್ನಾಗಿತ್ತು. ಆಮೇಲೆ ಕಾಟ ಶುರುವಾಯಿತು. ಬೆಳಿಗ್ಗೆ ಒಂದು ಕಂಪ್ಯೂಟರ್‌ಗೆ ನೆಟ್ ಇದೆ, ಪಕ್ಕದ್ದಕ್ಕೆ ಇಲ್ಲ. ನಾಳೆ ಅದೇ ತಿರುಗಾಮುರುಗಾ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಪ್ರತಿ ಸಲ ಒಂದೇ ಮಾತು: "ಸಾರ್, ರೂಟರ್ ಆಫ್ ಮಾಡಿ ಆನ್ ಮಾಡಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ." ಮಾಡಿದರೆ ಹೆಚ್ಚಿನ ಸಲ ಸರಿ ಹೋಗುತ್ತಿತ್ತು. ಅವರು ಕಂಪ್ಲೇಂಟ್ ಕ್ಲೋಸ್ ಮಾಡುತ್ತಿದ್ದರು. ಎರಡು ದಿನ ಬಿಟ್ಟು ಮತ್ತೆ ಅದೇ ಗೋಳು. ನನಗೆ ಇವತ್ತಿಗೂ ಸಿಟ್ಟಿರುವುದು ಇದರ ಮೇಲೇ. ರೀಸ್ಟಾರ್ಟ್ ಮಾಡಿದ ಕೂಡಲೇ ತೊಂದರೆಯ ಗುರುತೇ ಅಳಿಸಿಹೋಗುತ್ತದೆ. ಕಾರಣ ಅಲ್ಲೇ ಉಳಿದಿರುತ್ತದೆ. ಏಳು ತಿಂಗಳು ಹೀಗೇ ಕಳೆಯಿತು. ಕನೆಕ್ಷನ್ ತೆಗೆಸಿಬಿಡೋಣ ಅಂತಲೂ ತೀರ್ಮಾನ ಮಾಡಿದ್ದೆ.

ಅಷ್ಟರಲ್ಲಿ ಕಂಪನಿಯಿಂದ ಒಬ್ಬ ಹುಡುಗ ಬಂದ. ರೂಟರ್ ಮುಟ್ಟಲಿಲ್ಲ. "ನೆಟ್ ಹೋದಾಗ ಇನ್ನೇನು ಹೋಗುತ್ತೆ ಸಾರ್?" ಅಂತ ಕೇಳಿದ. ನಮ್ಮ ಆಫೀಸಿನ ಅಕ್ಕ ಥಟ್ಟನೆ ಹೇಳಿದರು, "ಪ್ರಿಂಟೂ ಬರಲ್ಲಪ್ಪ." ನಾವು ಅದನ್ನು ಪ್ರಿಂಟರ್ ತೊಂದರೆ ಅಂತ ಬೇರೆಯೇ ಇಟ್ಟಿದ್ದೆವು. ಪ್ರಿಂಟರ್ ಇರುವುದು ನಮ್ಮ ರೂಮಿನಲ್ಲೇ, ಅಲ್ವಾ? ಅದಕ್ಕೆ ಪ್ರಿಂಟ್ ಕಳಿಸಲು ಹೊರಗಿನ ಲೈನ್ ಬೇಡವೇ ಬೇಡ. ಎರಡೂ ಒಟ್ಟಿಗೆ ಹೋಗುತ್ತವೆ ಎಂದರೆ ತೊಂದರೆ ನಮ್ಮ ಬಾಗಿಲ ಒಳಗೇ ಇದೆ.

ಅವನು ನೆಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆಗೆದು ಐಪಿಕಾನ್‌ಫಿಗ್ ಹಾಕಿದ, ಅಂದರೆ ಕಂಪ್ಯೂಟರ್‌ನ ನೆಟ್‌ವರ್ಕ್ ವಿಳಾಸದ ನಂಬರ್ ತೋರಿಸುವ ಕಮಾಂಡ್. 192.168.0 ಇಂದ ಶುರುವಾಗುವ ನಂಬರ್ ಬಂತು. ನೆಟ್ ಇದ್ದ ಪಕ್ಕದ ಕಂಪ್ಯೂಟರ್‌ನಲ್ಲಿ 192.168.1. "ಇಲ್ಲಿ ಇನ್ನೊಂದು ರೂಟರ್ ಇದೆಯಾ ಸಾರ್?" ಇತ್ತು. ಒಳಗಿನ ರೂಮಿಗೆ ವೈಫೈ ಸಿಗುವುದಿಲ್ಲ ಅಂತ ಹಳೇ ಕನೆಕ್ಷನ್‌ನ ರೂಟರನ್ನು ನಾನೇ ಫೈಲ್ ಬೀರುವಿನ ಮೇಲೆ ಇಟ್ಟು ಕೇಬಲ್ ಚುಚ್ಚಿದ್ದೆ. ಸರಿಯಾಗಿ ಐದನೇ ತಿಂಗಳಲ್ಲಿ. ಕಂಪ್ಯೂಟರ್ ಆನ್ ಆದಾಗ ತನಗೊಂದು ವಿಳಾಸ ಕೇಳುತ್ತದೆ. ನಮ್ಮಲ್ಲಿ ಎರಡೂ ರೂಟರ್ ವಿಳಾಸ ಹಂಚುತ್ತಿದ್ದವು. ಹಳೇದು ಕೊಟ್ಟ ವಿಳಾಸ ಹಿಡಿದವರಿಗೆ ಹೊರಗಿನ ದಾರಿಯೂ ಇಲ್ಲ, ಪ್ರಿಂಟರ್ ದಾರಿಯೂ ಇಲ್ಲ.

ಹಳೇ ರೂಟರ್‌ನಲ್ಲಿ ಡಿಎಚ್‌ಸಿಪಿ, ಅಂದರೆ ವಿಳಾಸ ಹಂಚುವ ಕೆಲಸ, ಆಫ್ ಮಾಡಿದ. ಅದಕ್ಕೆ 192.168.1.2 ಅಂತ ನಂಬರ್ ಕೊಟ್ಟ. ಪ್ರಿಂಟರ್‌ಗೆ ಬದಲಾಗದ ವಿಳಾಸ ಕಟ್ಟಿಕೊಟ್ಟ. ಇಪ್ಪತ್ತು ನಿಮಿಷದ ಕೆಲಸ. ಟೀ ಕುಡಿದು ಹೊರಟ. ಆಮೇಲೆ ಆ ಕಾಟ ಒಂದು ದಿನವೂ ಬಂದಿಲ್ಲ.

ಹೋಗುವ ಮುಂಚೆ ಅವನು ಹೇಳಿದ್ದನ್ನು ಅಕ್ಕ ಕ್ಯಾಲೆಂಡರ್ ಹಿಂದೆ ಬರೆದಿಟ್ಟುಕೊಂಡಿದ್ದಾರೆ. ಮೊದಲು ರೂಟರ್‌ಗೆ ಪಿಂಗ್, ಅಂದರೆ "ಇದ್ದೀಯಾ" ಅಂತ ಕೇಳಿ ಉತ್ತರ ನೋಡುವ ಕಮಾಂಡ್. ರೂಟರ್ ನಂಬರ್ 192.168.1.1. ಉತ್ತರ ಬರದಿದ್ದರೆ ತಪ್ಪು ಒಳಗೆ, ಕೇಬಲ್, ಸ್ವಿಚ್ ನೋಡಿ. ಬಂದರೆ 8.8.8.8ಗೆ ಪಿಂಗ್, ಅದು ಹೊರಗಿರುವ ಗೂಗಲ್ ಸರ್ವರ್. ಅಲ್ಲಿಂದ ಉತ್ತರ ಬರದಿದ್ದರೆ ಹೊರಗಿನ ಲೈನ್ ಮೇಲೆ ಅನುಮಾನ. ಅದೂ ಬಂದು ವೆಬ್‌ಸೈಟ್ ಮಾತ್ರ ತೆರೆಯದಿದ್ದರೆ ಡಿಎನ್‌ಎಸ್, ಅಂದರೆ ವೆಬ್‌ಸೈಟ್ ಹೆಸರಿಗೆ ನಂಬರ್ ಹುಡುಕಿಕೊಡುವ ವ್ಯವಸ್ಥೆ, ನೋಡಬೇಕು. ಕಂಪ್ಯೂಟರ್‌ನ ನಂಬರ್ 169.254 ಅಂತ ಶುರುವಾದರೆ ಅದಕ್ಕೆ ಯಾರೂ ವಿಳಾಸ ಕೊಟ್ಟೇ ಇಲ್ಲ ಎಂದರ್ಥ.

ಈಗ ಬೆಳಿಗ್ಗೆಯ ಕ್ರಮ ಹೀಗಿದೆ. ಒಂಬತ್ತೂವರೆಗೆ ಬಾಗಿಲು ತೆಗೆದು ಅಕ್ಕ ಮೊದಲು ಫೈಬರ್ ಪೆಟ್ಟಿಗೆಯ ಸ್ವಿಚ್ ಹಾಕುತ್ತಾರೆ. ಫೈಬರ್ ಲೈನ್ ಸಿಕ್ಕಿತೇ ಎಂದು ತೋರಿಸುವ ಪಾನ್ (PON) ದೀಪ ಮಿಣುಕುತ್ತಿರುವಾಗ ದೇವರ ಫೋಟೋಗೆ ಹೂವು ಏರಿಸಿ ಊದಿನಕಡ್ಡಿ ಹಚ್ಚುತ್ತಾರೆ. ತಿರುಗಿ ನೋಡುವಷ್ಟರಲ್ಲಿ ಹಸಿರು ದೀಪ ಅಲುಗಾಡದೆ ನಿಂತಿರುತ್ತದೆ. ಆಮೇಲೆ ರೂಟರ್, ಕೊನೆಗೆ ಕಂಪ್ಯೂಟರ್‌ಗಳು. ಆ ಹಸಿರು ನಿಂತದ್ದು ಕಂಡರೆ ನನಗೆ ಮನಸ್ಸು ಹಗುರ.

ಕಂಪನಿ ಕಡೆಯ ತಪ್ಪು ಎರಡೂವರೆ ವರ್ಷದಲ್ಲಿ ಮೂರೇ ಸಲ. ಮೂರೂ ಸಲ ಎಲ್‌ಓಎಸ್ ಅನ್ನುವ ಕೆಂಪು ದೀಪ ಹತ್ತಿತ್ತು, ಅಂದರೆ ಫೈಬರ್‌ನಲ್ಲಿ ಬೆಳಕೇ ಬರುತ್ತಿಲ್ಲ. ರಸ್ತೆ ಅಗೆದಾಗ ಎರಡು ಸಲ, ಮಳೆಗಾಳಿಗೆ ಒಂದು ಸಲ. "ಕೆಂಪು ದೀಪ" ಅಂತ ಹೇಳಿದ್ದಕ್ಕೆ ರೀಸ್ಟಾರ್ಟ್ ಮಾತು ಬರಲಿಲ್ಲ, ಅವತ್ತೇ ಜನ ಬಂದರು. ಇನ್ನೊಮ್ಮೆ ಮೂಲೆಯ ಕಂಪ್ಯೂಟರ್ ನಿಧಾನವಾದಾಗ ನೋಡಿದರೆ ಇಲಿ ಕೇಬಲ್ ಕಡಿದಿತ್ತು. ಕೆಳಗೆ ಕಾಳಿನ ಅಂಗಡಿ ಇದ್ದ ಮೇಲೆ ಇಲಿ ಇದ್ದದ್ದೇ. ಈಗ ಕೇಬಲ್ ಪೂರ್ತಿ ಪೈಪ್ ಒಳಗಿದೆ.

ಲೈನ್‌ಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಆಫೀಸಿಗೆ ಬರುವ ಹುಡುಗರಿಗೆ ಐದು. ಕಸ್ಟಮರ್ ಕೇರ್‌ಗೆ ಎರಡು. ಕನೆಕ್ಷನ್ ಮುಂದುವರಿಸುತ್ತೇನೆ, ಆದರೆ ಆರಾರು ತಿಂಗಳಿಗೆ ಕಟ್ಟುತ್ತೇನೆ. ವರ್ಷದ ದುಡ್ಡು ಒಟ್ಟಿಗೆ ಕೊಡುವಷ್ಟು ನಂಬಿಕೆ ಆ ಫೋನ್ ನಂಬರಿನ ಮೇಲೆ ಇನ್ನೂ ಬಂದಿಲ್ಲ.