ತಾರೀಖಿಲ್ಲದ ವಾರದ ಧ್ಯಾನ ಪುಸ್ತಕ: ಎರಡು ವರ್ಷ ನಾಲ್ಕು ತಿಂಗಳು ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಸತ್ಯವೇದ (ಬೈಬಲ್) ಓದಿ ಧ್ಯಾನಿಸಲೆಂದು ಮಾಡಿದ 52 ವಾರಗಳ ಈ ಪುಸ್ತಕ ಮುಗಿಸಲು ನನಗೆ 74 ವಾರ ಹಿಡಿಯಿತು. ಆದರೂ ಮುಗಿಯಿತು. ಇದಕ್ಕೂ ಮುಂಚೆ ಶುರು ಮಾಡಿದ ಒಂದೇ ಒಂದು ಧ್ಯಾನದ ಪುಸ್ತಕದ ಕೊನೆಯ ಪುಟವನ್ನೂ ನಾನು ನೋಡಿದವಳಲ್ಲ. ಕೊಂಡ ಮೊದಲ ತಿಂಗಳಲ್ಲಿ ಎಲ್ಲ ಪುಸ್ತಕವೂ ಚೆನ್ನಾಗಿಯೇ ಕಾಣುತ್ತದೆ. ಅದಕ್ಕೇ ಇಷ್ಟು ದಿನ ಕಾದು ಬರೆಯುತ್ತಿದ್ದೇನೆ.

ನಮ್ಮ ಮನೆಯ ಸ್ಥಿತಿ ಗೊತ್ತಾದರೆ ಉಳಿದದ್ದು ಅರ್ಥವಾಗುತ್ತದೆ. ಒಂಬತ್ತು ವರ್ಷದ ಮಗಳು, ನಾಲ್ಕು ವರ್ಷದ ಮಗ, ಕಣ್ಣು ಮಂಜಾಗಿರುವ ಅತ್ತೆ. ಯಜಮಾನರಿಗೆ ಶಿಫ್ಟ್ ಕೆಲಸ. ನನಗೂ ಆಫೀಸು. ‘ಬೆಳಿಗ್ಗೆ ಶಾಂತವಾದ ಒಂದು ಮೂಲೆಯಲ್ಲಿ ಕುಳಿತು’ ಎಂದೇ ಈ ಪುಸ್ತಕದ ಮುನ್ನುಡಿ ಶುರುವಾಗುತ್ತದೆ. ನಮ್ಮ ಮನೆಯಲ್ಲಿ ಮೂಲೆಗಳಿವೆ. ಶಾಂತವಾದದ್ದು ಒಂದೂ ಇಲ್ಲ.

ಮುಂಚೆ ಫೋನಿನಲ್ಲಿ ಒಂದು ಆ್ಯಪ್ ಇತ್ತು. ಒಂದು ವರ್ಷದಲ್ಲಿ ಇಡೀ ಸತ್ಯವೇದ ಓದಿ ಮುಗಿಸುವ ಯೋಜನೆ. 66 ಪುಸ್ತಕ, 1,189 ಅಧ್ಯಾಯ. ದಿನಕ್ಕೆ ಮೂರೋ ನಾಲ್ಕೋ ಅಧ್ಯಾಯ ಓದಬೇಕು. ಆದಿಕಾಂಡದ 50 ಅಧ್ಯಾಯ, ವಿಮೋಚನಕಾಂಡದ 40 ಅಧ್ಯಾಯ ಕಥೆಯ ಹುರುಪಿನಲ್ಲೇ ಓಡುತ್ತವೆ. ಜನವರಿ ಮುಗಿಯುವ ಹೊತ್ತಿಗೆ ಯಾಜಕಕಾಂಡ ಬರುತ್ತದೆ, ಬಲಿ ಮತ್ತು ಶುದ್ಧಾಚಾರದ ನಿಯಮಗಳ ಪುಸ್ತಕ. ಸರಿಯಾಗಿ ಅದೇ ವಾರ ಮಗನಿಗೆ ಜ್ವರ ಬಂತು, ಆಮೇಲೆ ಮಗಳಿಗೆ, ಆಮೇಲೆ ನನಗೆ. ಹತ್ತು ದಿನ ಓದಲಿಲ್ಲ. ಮತ್ತೆ ಆ್ಯಪ್ ತೆರೆದರೆ ಮೂವತ್ತಕ್ಕೂ ಜಾಸ್ತಿ ಅಧ್ಯಾಯ ಬಾಕಿ, ‘ಸತತ ದಿನಗಳು: 0’. ಸಾಲಗಾರ ಬಾಗಿಲಿಗೆ ಬಂದ ಹಾಗೆ ಅನ್ನಿಸಿತು. ಎರಡು ವರ್ಷ ಹೀಗೇ ಆಯಿತು. ನನ್ನಂಥವರಿಗೆ ಆದಿಕಾಂಡ ಬಾಯಿಪಾಠ, ಯಾಜಕಕಾಂಡದಿಂದ ಆಚೆ ಕತ್ತಲೆ.

ಇಂಥ ವರ್ಷದ ಯೋಜನೆಗಳಲ್ಲಿ ಹೆಸರಾದದ್ದು ಸ್ಕಾಟ್ಲೆಂಡಿನ ಪಾದ್ರಿ ರಾಬರ್ಟ್ ಮರ್ರೆ ಮೆಕ್‌ಶೇನ್ 1842ರಲ್ಲಿ ತಮ್ಮ ಸಭೆಗೆಂದು ಮಾಡಿಕೊಟ್ಟದ್ದು. ಅದರಲ್ಲಿ ಹಳೆಯ ಒಡಂಬಡಿಕೆ (ಯೇಸುವಿಗೆ ಮುಂಚಿನ ಭಾಗ) ಒಂದು ಸಲ, ಹೊಸ ಒಡಂಬಡಿಕೆ (ಯೇಸುವಿನಿಂದ ಮುಂದಿನದು) ಮತ್ತು ಕೀರ್ತನೆಗಳೆಂಬ ಹಾಡುಗಳು ಎರಡೆರಡು ಸಲ ಬರುತ್ತವೆ. ಆದರೆ ಯೋಜನೆ ಕೊಡುವಾಗಲೇ ಅದರ ಅಪಾಯಗಳನ್ನೂ ಅವರೇ ಬರೆದಿದ್ದರು. ಅದು ಬರೀ ಶಾಸ್ತ್ರಕ್ಕೆ ಓದಿದ ಹಾಗಾಗಬಹುದು, ಓದಿದೆ ಎಂಬ ಜಂಬ ಬರಬಹುದು, ಗಮನವಿಲ್ಲದೆ ಓದಿ ಮುಗಿಸಬಹುದು, ಕೆಲವರಿಗೆ ಹೊರಲಾರದ ನೊಗವೂ ಆಗಬಹುದು. ನನಗೆ ಆದದ್ದು ಕೊನೆಯದು. ಮೆಕ್‌ಶೇನ್ ಅವರಿಗೆ ಮದುವೆಯಾಗಿರಲಿಲ್ಲ ಎಂಬುದನ್ನೂ ಇಲ್ಲಿ ಸುಮ್ನೆ ಹೇಳಿಡುತ್ತೇನೆ.

ಈಗ ಈ ಪುಸ್ತಕದ ವಿಷಯ. ಇದರಲ್ಲಿ ತಾರೀಖಿಲ್ಲ. ದಿನಗಳ ಹೆಸರೂ ಇಲ್ಲ. ‘ವಾರ 1’, ‘ವಾರ 2’ ಅಂತ ಮಾತ್ರ ಇದೆ. ಎಡಪುಟದಲ್ಲಿ ಸತ್ಯವೇದದ ಒಂದು ವಾಕ್ಯಭಾಗ, ಹೆಚ್ಚೆಂದರೆ ಹದಿನೈದು ವಚನ, ಕೆಳಗೆ ಅರ್ಧ ಪುಟದ ಚಿಕ್ಕ ಬರಹ. ಬಲಪುಟದಲ್ಲಿ ಐದು ಖಾಲಿ ಚೌಕ, ಪಕ್ಕದಲ್ಲಿ ಪ್ರಾರ್ಥನೆಯ ಪಟ್ಟಿ. ವಾರವಿಡೀ ಅದೇ ಭಾಗವನ್ನು ಮತ್ತೆ ಮತ್ತೆ ಓದಬೇಕು. ಓದಿದಾಗಲೆಲ್ಲ ಒಂದು ಚೌಕದಲ್ಲಿ ಏನಾದರೂ ಬರೆಯಬೇಕು. ಚೌಕಗಳು ಏಳಲ್ಲ, ಐದೇ. ಇದನ್ನು ಮಾಡಿದವರಿಗೆ ಮನೆ ಅಂದರೇನು ಅಂತ ಗೊತ್ತಿದೆ.

ನಮ್ಮಲ್ಲಿ ಇದು ನಡೆಯುವುದು ಹೀಗೆ. ಭಾನುವಾರ ರಾತ್ರಿ ಮಕ್ಕಳು ಮಲಗಿದ ಮೇಲೆ ಇಪ್ಪತ್ತು ನಿಮಿಷ ಹೊಸ ಪುಟ ತೆರೆಯುತ್ತೇನೆ. ಆಮೇಲೆ ವಾರದಲ್ಲಿ ಸಿಕ್ಕಾಗ ಐದೈದು ನಿಮಿಷ. ಬಟ್ಟೆ ಒಗೆಯುವ ಮಷೀನಿನ ಮೇಲೇ ಪುಸ್ತಕ ಇಟ್ಟಿದ್ದೇನೆ. ಅದು ಕೊನೆಯ ಸುತ್ತು ತಿರುಗುವಷ್ಟು ಹೊತ್ತು ನನ್ನದು. ಟೇಬಲ್ಲಿನ ಮೇಲೆ ಇಟ್ಟಾಗ ಮೂರು ವಾರ ಕಣ್ಣಿಗೇ ಬೀಳಲಿಲ್ಲ, ಹೋಂವರ್ಕ್ ಅಡಿಯಲ್ಲಿ ಹೂತುಹೋಗಿತ್ತು. ಹೊಸದಾಗಿ ಕೊಳ್ಳುವವರಿಗೆ ನನ್ನ ಒಂದೇ ಸಲಹೆ ಇದು: ಎಷ್ಟು ಹೊತ್ತಿಗೆ ಓದಬೇಕು ಅಂತ ತಲೆ ಕೆಡಿಸಿಕೊಳ್ಳಬೇಡಿ, ಎಲ್ಲಿ ಇಡಬೇಕು ಅಂತ ಯೋಚಿಸಿ.

ಒಂದೇ ಭಾಗವನ್ನು ಐದು ಸಲ ಓದುವುದರಲ್ಲಿ ಏನಿದೆ ಎಂದು ನನಗೂ ಅನ್ನಿಸಿತ್ತು. 6ನೇ ವಾರ, ಯೇಸುವಿನ ಜೀವನ ಹೇಳುವ ಲೂಕನ ಸುವಾರ್ತೆಯ 10ನೇ ಅಧ್ಯಾಯದಿಂದ ಮಾರ್ಥ ಮತ್ತು ಮರಿಯ ಎಂಬ ಅಕ್ಕತಂಗಿಯರ ಕಥೆ ಬಂತು. ನಮ್ಮಂಥ ಹೆಂಗಸರಿಗೆ ವರ್ಷಕ್ಕೊಮ್ಮೆಯಾದರೂ ಈ ಭಾಗದ ಮೇಲೆ ಪ್ರಸಂಗ ಸಿಕ್ಕೇ ಸಿಗುತ್ತದೆ. ಮರಿಯ ಯೇಸುವಿನ ಪಾದದ ಬಳಿ ಕುಳಿತು ಕೇಳಿದಳು, ಮಾರ್ಥ ಕೆಲಸ ಕೆಲಸ ಅಂತ ಓಡಾಡಿದಳು, ನೀವು ಮಾರ್ಥಳಾಗಬೇಡಿ. ಈ ಪುಸ್ತಕದ ಬರಹವೂ ಅದನ್ನೇ ಹೇಳುತ್ತದೆ. ಮೊದಲ ಚೌಕದಲ್ಲಿ ನಾನು ಬರೆದದ್ದು: ‘ಹಾಗಾದರೆ ಕೆಲಸ ಯಾರು ಮಾಡಬೇಕು?’ ಸಿಟ್ಟಿನಲ್ಲಿ ಬರೆದದ್ದು, ಅಕ್ಷರ ನೋಡಿದರೇ ಗೊತ್ತಾಗುತ್ತದೆ. ಎರಡನೇ ಸಲ ಓದಿದಾಗ ಏನೂ ತೋಚಲಿಲ್ಲ. ಮೂರನೇ ಸಲ, ಮಾರ್ಥ ತನ್ನ ದೂರನ್ನು ತಂಗಿಗೆ ಹೇಳದೆ ನೇರ ಯೇಸುವಿಗೇ ಹೇಳುತ್ತಾಳೆ ಎಂಬುದು ಕಣ್ಣಿಗೆ ಬಿತ್ತು. ‘ನಿನಗೆ ಚಿಂತೆಯಿಲ್ಲವೋ’ ಅಂತ ಕೇಳುವಷ್ಟು ಸಲಿಗೆ. ನಾಲ್ಕನೇ ಸಲ, ಯೇಸು ಅವಳ ಹೆಸರನ್ನು ಎರಡು ಸಲ ಕರೆಯುವುದು ಕಂಡಿತು. ‘ಮಾರ್ಥಳೇ, ಮಾರ್ಥಳೇ.’ ಬಯ್ಯುವವರು ಹಾಗೆ ಕರೆಯುವುದಿಲ್ಲ, ಅಲ್ವಾ?

ಆಮೇಲೆ ನಾನಾಗಿಯೇ ಯೋಹಾನನ ಸುವಾರ್ತೆಯ 11ನೇ ಅಧ್ಯಾಯ ತೆಗೆದೆ. ಈ ಇಬ್ಬರ ಸಹೋದರ ಲಾಜರ ಸತ್ತಾಗ ಯೇಸು ಬರುತ್ತಿದ್ದಾನೆಂದು ಕೇಳಿ ಎದುರುಗೊಳ್ಳಲು ಹೋದವಳು ಮಾರ್ಥ. ಮರಿಯ ಮನೆಯಲ್ಲೇ ಕುಳಿತಿದ್ದಳು. ‘ನೀನೇ ಕ್ರಿಸ್ತನು, ದೇವರ ಮಗ’ ಎಂದು ನಂಬುತ್ತೇನೆ ಅಂತ ದಾರಿಯಲ್ಲೇ ಬಾಯಿಬಿಟ್ಟು ಹೇಳಿದವಳೂ ಆ ಕೆಲಸದ ಹೆಂಗಸೇ. ಪುಸ್ತಕದಲ್ಲಿ ಇದರ ಸುದ್ದಿಯೇ ಇಲ್ಲ. ಆದರೆ ಒಂದೇ ಭಾಗದಲ್ಲಿ ಒಂದು ವಾರ ನಿಲ್ಲಿಸದೇ ಇದ್ದಿದ್ದರೆ ನಾನೂ ಅಲ್ಲಿಗೆ ಹೋಗುತ್ತಿರಲಿಲ್ಲ. ದಿನಕ್ಕೆ ಮೂರು ಅಧ್ಯಾಯ ಓಡುತ್ತಿದ್ದಾಗ ಈ ಇಬ್ಬರನ್ನೂ ನಾನು ಅರ್ಧ ನಿಮಿಷದಲ್ಲಿ ದಾಟಿಬಿಡುತ್ತಿದ್ದೆ.

ಅತ್ತಿಗೆಗೆ ಇದು ಒಪ್ಪಿಗೆಯಿಲ್ಲ. ‘ವಾರಕ್ಕೊಂದು ಪುಟವಾ? ಮನ್ನವನ್ನು ದಿನಾ ಕೂಡಿಸಬೇಕಿತ್ತಮ್ಮ, ಮರುದಿನಕ್ಕೆ ಇಟ್ಟರೆ ಹುಳ ಬಿತ್ತು’ ಅಂದರು. ವಿಮೋಚನಕಾಂಡ 16ರ ಕಥೆ, ಅರಣ್ಯದಲ್ಲಿ ಇಸ್ರಾಯೇಲರಿಗೆ ದೇವರು ಆಕಾಶದಿಂದ ಕೊಟ್ಟ ಆಹಾರವೇ ಮನ್ನ. ಸರಿಯಾಗಿಯೇ ಹೇಳಿದರು. ನಾನು ಅದೇ ಅಧ್ಯಾಯದ ಮುಂದಿನ ಭಾಗ ತೆಗೆದು ತೋರಿಸಿದೆ. ಆರನೇ ದಿನ ಎರಡರಷ್ಟು ಕೂಡಿಸಿದರು, ವಿಶ್ರಾಂತಿಯ ಏಳನೇ ದಿನಕ್ಕೆ ಅದು ಕೆಡಲಿಲ್ಲ. ‘ನಿನಗೆ ಏಳು ದಿನವೂ ಏಳನೇ ದಿನವೇ’ ಅಂದುಬಿಟ್ಟರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರ ಮಾತಿನಲ್ಲಿ ಸ್ವಲ್ಪ ನಿಜವಿದೆ ಅಂತಲೂ ಒಪ್ಪುತ್ತೇನೆ. ಐದು ಚೌಕಗಳಲ್ಲಿ ಎರಡೇ ತುಂಬಿರುವ ವಾರಗಳು ನನ್ನ ಪುಸ್ತಕದಲ್ಲಿ ಬೇಕಾದಷ್ಟಿವೆ. ಪೂರ್ತಿ ಖಾಲಿ ಹೋದ ವಾರಗಳೂ ಇವೆ, ಅವು ಪುಸ್ತಕದಲ್ಲಿ ಕಾಣುವುದೇ ಇಲ್ಲ. ಮುಂದಿನ ಭಾನುವಾರ ಅದೇ ಪುಟ ತೆರೆಯುತ್ತೇನೆ, ಅಷ್ಟೇ. ನನ್ನಂಥವರಿಗೆ ಇದೇ ದೊಡ್ಡ ಉಪಕಾರ. ಶಿಸ್ತಿನವರಿಗೆ ಇದೇ ದೊಡ್ಡ ದೋಷ ಅನ್ನಿಸಬಹುದು.

ಇನ್ನು ದೂರುಗಳು.

ಬೈಂಡಿಂಗ್ ಎಂಟನೇ ತಿಂಗಳಿಗೆ ಬಿಟ್ಟಿತು. ಮಷೀನಿನ ಮೇಲಿನ ಅದುರಾಟಕ್ಕೋ ಏನೋ, ತಪ್ಪು ನನ್ನದೂ ಇರಬಹುದು. ಕಾಗದ ತೆಳು. ಇಂಕ್ ಪೆನ್ನಿನಲ್ಲಿ ಬರೆದರೆ ಹಿಂದಿನ ಪುಟಕ್ಕೆ ಇಳಿಯುತ್ತದೆ, ಬಾಲ್‌ಪೆನ್ನೇ ಬೇಕು. ಅಕ್ಷರ ಚಿಕ್ಕದು, ಅತ್ತೆಗೆ ಓದಲು ಆಗುವುದಿಲ್ಲ. ಹಾಗಾಗಿ ನಾನು ಗಟ್ಟಿಯಾಗಿ ಓದುತ್ತೇನೆ, ಅವರು ಕೇಳುತ್ತಾರೆ. ಇದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಕೀರ್ತನೆ ಬಂದ ವಾರಗಳಲ್ಲಿ ನಾನು ಅರ್ಧ ವಚನ ಓದುವಷ್ಟರಲ್ಲಿ ಉಳಿದರ್ಧವನ್ನು ಅವರೇ ಹೇಳಿಬಿಡುತ್ತಾರೆ.

ವಾಕ್ಯಭಾಗಗಳ ಆಯ್ಕೆಯಲ್ಲಿ ಸಮತೋಲನ ಇಲ್ಲ. ಒಂದು ದಿನ ಕುಳಿತು ಎಣಿಸಿದೆ. 52ರಲ್ಲಿ 19 ಕೀರ್ತನೆಗಳು, ಪತ್ರಿಕೆಗಳಿಂದ (ಪೌಲ ಮೊದಲಾದವರು ಸಭೆಗಳಿಗೆ ಬರೆದ ಪತ್ರಗಳು) 21, ಸುವಾರ್ತೆಗಳಿಂದ 7, ಹಳೆಯ ಒಡಂಬಡಿಕೆಯ ಬೇರೆ ಪುಸ್ತಕಗಳಿಂದ 5. ಮಕ್ಕಳಿರುವ ಮನೆಗೆ ಕಥೆ ಬೇಕು ಸ್ವಾಮಿ. ‘ನೀತಿನಿರ್ಣಯ’ (ದೇವರು ಪಾಪಿಯನ್ನು ನೀತಿವಂತನೆಂದು ಎಣಿಸುವುದು) ಎಂಬ ಪದವನ್ನು ಒಂಬತ್ತು ವರ್ಷದವಳಿಗೆ ಹೇಗೆ ವಿವರಿಸುವುದು? ರೂತಳ ಪುಸ್ತಕಕ್ಕೆ ಇರುವುದೇ ನಾಲ್ಕು ಅಧ್ಯಾಯ, ನಾಲ್ಕು ವಾರಕ್ಕೆ ಹೇಳಿ ಮಾಡಿಸಿದ ಹಾಗಿದೆ. ಅದೇ ಇಲ್ಲ. 30ರಿಂದ ಮುಂದಿನ ವಾರಗಳಲ್ಲಿ ಬರಹಗಳೂ ಹೇಳಿದ್ದನ್ನೇ ಹೇಳುತ್ತವೆ. ಆಮೇಲಾಮೇಲೆ ಬರಹ ಬಿಟ್ಟು ಬರೀ ವಾಕ್ಯ ಓದಿದೆ. ಏನೂ ನಷ್ಟವಾಗಲಿಲ್ಲ.

ನನ್ನ ನಿಜವಾದ ಜಗಳ ಇರುವುದು ಪ್ರಾರ್ಥನೆಯ ಪಟ್ಟಿಯ ಜೊತೆ. ಅದರಲ್ಲಿ ಎರಡು ಕಾಲಂ. ಒಂದು ‘ವಿನಂತಿ’, ಇನ್ನೊಂದು ‘ಉತ್ತರ ಸಿಕ್ಕಿದ ದಿನ’. ಮೊದಮೊದಲು ಖುಷಿಯಾಗುತ್ತಿತ್ತು. ಮಗಳ ಪರೀಕ್ಷೆ, ಯಜಮಾನರ ಶಿಫ್ಟ್ ಬದಲಾವಣೆ, ಎಲ್ಲದರ ಎದುರೂ ದಿನಾಂಕ ಬಿತ್ತು. ಆಮೇಲೆ ನನ್ನ ಅಕ್ಕನ ಕಾಯಿಲೆ ಬಂತು. 19ನೇ ವಾರ ಅವಳ ಹೆಸರು ಬರೆದೆ. 20ರಲ್ಲಿ ಬರೆದೆ. 27ರಲ್ಲಿ ಬರೆದೆ. ಎದುರಿನ ಕಾಲಂ ಖಾಲಿ. ಖಾಲಿ ಕಾಲಂ ಕೂಡ ಒಂದು ಮಾತೇ, ಪ್ರತಿ ವಾರ ಪುಟ ತಿರುಗಿಸಿದಾಗ ಅದು ಕಿವಿಗೆ ಬೀಳುತ್ತದೆ. ಪುಸ್ತಕದ 19 ಕೀರ್ತನೆಗಳೂ ಸಂತೋಷವಾಗಿಯೇ ಮುಗಿಯುತ್ತವೆ. ‘ಎಷ್ಟರವರೆಗೆ’ ಅಂತ ಎರಡೇ ವಚನಗಳಲ್ಲಿ ನಾಲ್ಕು ಸಲ ಕೇಳುವ 13ನೇ ಕೀರ್ತನೆ ಇಲ್ಲ. ಕತ್ತಲೆಯ ಮಾತಿನಲ್ಲೇ ಮುಗಿದುಹೋಗುವ 88ನೇ ಕೀರ್ತನೆಯಂತೂ ಇಲ್ಲವೇ ಇಲ್ಲ.

31ನೇ ವಾರದ ವಾಕ್ಯವನ್ನು ಹೊಡೆದುಹಾಕಿ ‘ಕೀರ್ತನೆ 88’ ಅಂತ ನಾನೇ ಬರೆದುಕೊಂಡೆ. ಆ ಪುಟದಲ್ಲಿ ಐದು ವಾರ ಇದ್ದೆ. ಎರಡನೇ ಕಾಲಂನ ಶೀರ್ಷಿಕೆಯನ್ನೂ ಹೊಡೆದು ‘ಈ ವಾರ ಹೇಗಿದ್ದಾಳೆ’ ಅಂತ ಮಾಡಿದೆ. ಆಮೇಲೆ ಅದನ್ನು ತುಂಬಲು ಅವಳಿಗೆ ಫೋನ್ ಮಾಡಲೇಬೇಕಾಯಿತು. ಪ್ರತಿ ಭಾನುವಾರ. ಅಕ್ಕ ಈಗಲೂ ಚಿಕಿತ್ಸೆಯಲ್ಲಿದ್ದಾಳೆ. ಹೊಸ ಪ್ರತಿಯಲ್ಲೂ ಮೊದಲ ದಿನವೇ ಆ ಶೀರ್ಷಿಕೆಯನ್ನು ತಿದ್ದಿದೆ.

ಮಕ್ಕಳಿಗೆ ಇದರಲ್ಲಿ ಬೇರೆ ಪುಟ ಇಲ್ಲ. ಇರಬೇಕಿತ್ತಾ ಅನ್ನುವುದು ಗೊತ್ತಿಲ್ಲ, ಏಕೆಂದರೆ ಬಣ್ಣ ತುಂಬುವ ಚಿತ್ರ ಕೊಟ್ಟರೆ ಮಗ ಪುಸ್ತಕವನ್ನೇ ತನ್ನದು ಮಾಡಿಕೊಳ್ಳುತ್ತಿದ್ದ. ನಾನು ಬೇರೆ ಒಂದು ದಾರಿ ಹಿಡಿದೆ. ಮೆಥೊಡಿಸ್ಟ್ ಎಂಬ ಕ್ರೈಸ್ತ ಚಳವಳಿ ಶುರು ಮಾಡಿದ ಜಾನ್ ವೆಸ್ಲಿಯವರ ತಾಯಿ ಸುಸಾನಾ ವೆಸ್ಲಿ 19 ಮಕ್ಕಳನ್ನು ಹೆತ್ತವರು, ಅವರಲ್ಲಿ ಅನೇಕರು ಚಿಕ್ಕಂದಿನಲ್ಲೇ ತೀರಿಕೊಂಡರು. ವಾರದಲ್ಲಿ ಯಾವ ಸಂಜೆ ಯಾವ ಮಗುವಿನ ಜೊತೆ ಒಂಟಿಯಾಗಿ ಕುಳಿತು ಮಾತಾಡುತ್ತೇನೆ ಎಂದು 1712ರಲ್ಲಿ ಗಂಡನಿಗೆ ಬರೆದ ಪತ್ರದಲ್ಲಿ ಅವರು ಹೇಳಿದ್ದಾರೆ. ಜಾನ್‌ಗೆ ಗುರುವಾರ. ದೊಡ್ಡವನಾದ ಮೇಲೂ ಆತ ಆ ಗುರುವಾರದ ಸಂಜೆಯನ್ನು ಮರೆತಿರಲಿಲ್ಲ. ನನಗೆ ಇರುವುದು ಇಬ್ಬರೇ, ನೆಪ ಹೇಳಲು ಬಾಯಿ ಬರಲಿಲ್ಲ. ಮಗಳಿಗೆ ಮಂಗಳವಾರ, ಮಗನಿಗೆ ಶುಕ್ರವಾರ, ಹತ್ತು ಹತ್ತು ನಿಮಿಷ. ಮೂರನೇ ಚೌಕ ಮಗಳದ್ದು, ಅವಳೇ ಬರೆಯುತ್ತಾಳೆ. ಕೆಟ್ಟುಹೋದ ಮನ್ನದ ವಾಸನೆ ಹೇಗಿತ್ತು ಎಂಬ ಪ್ರಶ್ನೆಯನ್ನು ಪಾದ್ರಿಗಳಿಗೂ ಕೇಳಿ ಬಂದಿದ್ದಾಳೆ. ಮಗ ಶುಕ್ರವಾರ ಎರಡು ನಿಮಿಷ ಕೂರುತ್ತಾನೆ, ಆಮೆನ್ ಅಂತ ಕಿರುಚಿ ಓಡುತ್ತಾನೆ.

ಯಜಮಾನರು ಇದನ್ನು ಬಳಸುವುದಿಲ್ಲ. ಅವರು ದಾರಿಯಲ್ಲಿ ಆಡಿಯೊ ಸತ್ಯವೇದ ಕೇಳುತ್ತಾರೆ. ಬರೆಯುವುದೆಂದರೆ ಅವರಿಗೆ ಆಗದು. ನಿಮಗೂ ಹಾಗಿದ್ದರೆ ಇದನ್ನು ಕೊಳ್ಳಬೇಡಿ. ಇದರಲ್ಲಿ ಅರ್ಧ ಖಾಲಿ ಕಾಗದ, ಬರೆಯದಿದ್ದರೆ ದಂಡ. ಇಡೀ ಸತ್ಯವೇದವನ್ನು ಸಾಲಾಗಿ ಓದಿ ಮುಗಿಸಬೇಕು ಅನ್ನುವವರಿಗೂ ಇದು ಅಲ್ಲ. ಹೊಸದಾಗಿ ನಂಬಿಕೆಗೆ ಬಂದವರು ಇದೊಂದನ್ನೇ ಇಟ್ಟುಕೊಂಡರೆ ಸಾಲದು, ಮಾರ್ಕನ ಸುವಾರ್ತೆಯನ್ನು ಪಕ್ಕದಲ್ಲಿ ಓದಿಕೊಳ್ಳಲಿ. 16 ಅಧ್ಯಾಯ, ಬೇಗ ಮುಗಿಯುತ್ತದೆ.

ಎರಡನೇ ಸಲವೂ ಇದನ್ನೇ ಯಾಕೆ ಕೊಂಡೆ ಅಂತ ಯಾರಾದರೂ ಕೇಳಬಹುದು. ಬೇರೆಯದು ಹುಡುಕಲು ಸೋಮಾರಿತನ, ಅದು ಒಂದು ಕಾರಣ. ಆದರೆ ಹಳೆಯ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಅದೇ ವಾಕ್ಯ ಓದುವುದು ಬೇರೆಯೇ ಅನುಭವ. ಮಾರ್ಥಳ ವಾರ ಮತ್ತೆ ಬಂದಾಗ ಹಳೆಯ ಸಿಟ್ಟಿನ ಸಾಲು ನೋಡಿ ನಗು ಬಂತು. ಕೆಳಗೆ ಹೊಸದಾಗಿ ಏನು ಬರೆಯಲಿ ಅಂತ ಯೋಚಿಸಿದೆ. ಪ್ರಶ್ನೆ ಇನ್ನೂ ಅದೇ ಇತ್ತು. ಅದನ್ನೇ ಇನ್ನೊಂದು ಸಲ ಬರೆದೆ, ಈ ಸಲ ಅಕ್ಷರ ದುಂಡಗೆ ಬಂತು.

5ಕ್ಕೆ ಮೂರೂವರೆ ಕೊಡುತ್ತೇನೆ. ಅರ್ಧ ಅಂಕ ಬೈಂಡಿಂಗ್‌ಗೆ ಹೋಯಿತು, ಒಂದು ಅಂಕ ಆ ಕಾಲಂಗೆ. ಎರಡನೇ ಪ್ರತಿ ಶುರು ಮಾಡಿ 47 ವಾರ ಆಯಿತು, ಈಗ 39ನೇ ವಾರದ ಪುಟದಲ್ಲಿದ್ದೇನೆ. ಮೂರನೇ ಚೌಕ ಇನ್ನೂ ಖಾಲಿ. ನಾಳೆ ಮಂಗಳವಾರ.